ಕತ್ತಿ ಒಂದು ಅಮಾನತ್

ಮೈಸೂರಿನ ಓದುಗರಿಗೆ ರಾಮಸ್ವಾಮಿ ವೃತ್ತ ಅಪರಿಚಿತವಲ್ಲ. ದಿನವೂ ಸಾವಿರಾರು ಜನ ಅದನ್ನು ದಾಟಿ ಹೋಗುತ್ತಾರೆ. ಆದರೆ ಆ ರಾಮಸ್ವಾಮಿ ಯಾರೆಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅವನು ಒಬ್ಬ ವಿದ್ಯಾರ್ಥಿ. 1947ರ ಸೆಪ್ಟೆಂಬರಿನಲ್ಲಿ, ಭಾರತ ಸ್ವತಂತ್ರವಾಗಿ ಒಂದು ತಿಂಗಳು ತುಂಬುವ ಮೊದಲೇ, ಇದೇ ನಗರದಲ್ಲಿ ಗುಂಡೇಟಿಗೆ ಬಲಿಯಾದ ಹುಡುಗ. ಮೈಸೂರು ಸಂಸ್ಥಾನದಲ್ಲಿ ಜನರಿಗೆ ಉತ್ತರಿಸುವ ಸರಕಾರ ಬರಬೇಕೆಂದು ಆಗ 'ಮೈಸೂರು ಚಲೋ' ಚಳವಳಿ ನಡೆಯುತ್ತಿತ್ತು. ಅವನು ಆ ಮೆರವಣಿಗೆಯಲ್ಲಿದ್ದ.

ಓದುಗರೇ, ಒಂದು ಕ್ಷಣ ಆಲೋಚಿಸಿರಿ. ಆ ಹುಡುಗನ ಎದೆಗೆ ಗುರಿಯಿಟ್ಟದ್ದು ಬ್ರಿಟಿಷರ ಬಂದೂಕಲ್ಲ. ಬ್ರಿಟಿಷರು ಆಗಲೇ ಅಧಿಕಾರ ಬಿಟ್ಟುಕೊಟ್ಟಿದ್ದರು. ಗುಂಡು ಹಾರಿದ್ದು ನಮ್ಮವರ ಬಂದೂಕಿನಿಂದ, ಸತ್ತವನೂ ನಮ್ಮವನೇ. ಹಾಗಾದರೆ ಒಂದು ನಾಡು ಸ್ವತಂತ್ರವಾದೊಡನೆ ಅದರ ಬಂದೂಕುಗಳೂ ಆ ನಾಡಿನವಾಗುತ್ತವೆಯೇ? ಸಮವಸ್ತ್ರದ ಮೇಲಿನ ಕಿರೀಟದ ಮುದ್ರೆ ತೆಗೆದು ಸಿಂಹದ ಮುದ್ರೆ ಹಾಕಿದ ಮಾತ್ರಕ್ಕೆ ಸೈನ್ಯ ಸ್ವದೇಶಿಯಾಗುತ್ತದೆಯೇ? ಸ್ವಾತಂತ್ರ್ಯ ಪಡೆದ ಪ್ರತಿಯೊಂದು ನಾಡೂ ಎದುರಿಸಿರುವ ನೈತಿಕ ಪ್ರಶ್ನೆ ಇದು. ಈ ಪ್ರಶ್ನೆಯನ್ನು ಮೈಸೂರಿನ ನೆಲದಲ್ಲಿ ನಿಂತು ನೋಡುವುದು ನಮಗೆ ಹೆಚ್ಚು ಪ್ರಯೋಜನಕಾರಿ. ಏಕೆಂದರೆ ಇನ್ನೂರೈವತ್ತು ವರ್ಷಗಳಲ್ಲಿ ಈ ನೆಲವು ಹಲವು ಬಗೆಯ ಸೈನ್ಯಗಳನ್ನು ಕಂಡಿದೆ.

ಸೈನ್ಯ ಏಕೆ ಬೇಕು?

ಮೊದಲು ಮೂಲ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಸೈನ್ಯವೇ ಇಲ್ಲದ ನಾಡು ಇರಬಾರದೇ? ಮಧ್ಯ ಅಮೆರಿಕದ ಕೋಸ್ಟರಿಕಾ 1948ರಲ್ಲಿ ತನ್ನ ಸೈನ್ಯವನ್ನು ರದ್ದುಗೊಳಿಸಿತು, ಇಂದಿಗೂ ಅದಿಲ್ಲದೆಯೇ ಬದುಕುತ್ತಿದೆ. ಆದರೆ ಎಲ್ಲ ನಾಡುಗಳ ನೆರೆಹೊರೆಯೂ ಒಂದೇ ಬಗೆಯಲ್ಲ. ಬಲಿಷ್ಠನ ಕೈಯನ್ನು ತಡೆಯುವವರು ಯಾರೂ ಇಲ್ಲದ ಕಡೆ ದುರ್ಬಲನಿಗೆ ಉಳಿಗಾಲವಿಲ್ಲ.

ಪವಿತ್ರ ಕುರ್‌ಆನ್ ಯುದ್ಧಕ್ಕೆ ಮೊದಲ ಅನುಮತಿ ನೀಡಿದ್ದು ಅನ್ಯಾಯಕ್ಕೊಳಗಾದವರಿಗೆ, ಮನೆಗಳಿಂದ ಹೊರದಬ್ಬಲ್ಪಟ್ಟವರಿಗೆ. ಅಲ್ಲಿ ಕೊಟ್ಟ ಕಾರಣವನ್ನು ಗಮನಿಸಿರಿ. ಕೆಲವರನ್ನು ಕೆಲವರ ಮೂಲಕ ಅಲ್ಲಾಹನು ತಡೆಯದಿದ್ದರೆ ಸನ್ಯಾಸಿಗಳ ಮಠಗಳು, ಇಗರ್ಜಿಗಳು, ಯಹೂದಿಯರ ಆರಾಧನಾಲಯಗಳು ಮತ್ತು ಮಸೀದಿಗಳು ನೆಲಸಮವಾಗುತ್ತಿದ್ದವು ಎಂಬುದು ಅದರ ಆಶಯ. ಮಸೀದಿಯ ಹೆಸರು ಇಲ್ಲಿ ಕೊನೆಯಲ್ಲಿ ಬಂದಿದೆ. ತನ್ನವರ ಪೂಜಾಸ್ಥಳವನ್ನಷ್ಟೇ ಕಾಯುವ ಕತ್ತಿಗೆ ಈ ಅನುಮತಿಯಲ್ಲಿ ಪಾಲಿಲ್ಲ. ಅನ್ಯರ ಮಠವನ್ನೂ ತನ್ನದೆಂದು ಕಾಯುವ ಕತ್ತಿಗೆ ಮಾತ್ರ ಅದು ಸಲ್ಲುತ್ತದೆ.

ಇಲ್ಲಿಯೇ 'ಅಮಾನತ್' ಎಂಬ ಪದದ ಬೆಲೆ ತಿಳಿಯುತ್ತದೆ. ನಮ್ಮ ಸರಕಾರಿ ಕಚೇರಿಗಳ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡುವುದು. ಅದರ ಮೂಲ ಅರ್ಥ ಬೇರೆ. ಒಬ್ಬರು ನಂಬಿ ನಮ್ಮ ವಶಕ್ಕೆ ಒಪ್ಪಿಸಿದ, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದ ವಸ್ತು ಅದು. ಆಯುಧ ಅಂತಹ ವಸ್ತು. ನಾನು ನನ್ನ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದಿಲ್ಲ, ನೀವೂ ಇಟ್ಟುಕೊಳ್ಳುವುದಿಲ್ಲ. ನಾವೆಲ್ಲ ಸೇರಿ ಅದನ್ನು ಕೆಲವರ ಕೈಗೆ ಕೊಟ್ಟಿದ್ದೇವೆ. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ, ಪಡೆದವನಿಗೆ ಲೆಕ್ಕ ಒಪ್ಪಿಸುವ ಬಾಧ್ಯತೆಯಿದೆ. ಈ ಲೆಕ್ಕ ನಿಂತ ದಿನ ಸೈನ್ಯವು ಎಷ್ಟೇ ದೊಡ್ಡದಿರಲಿ, ಎಷ್ಟೇ ಶೂರವಾಗಿರಲಿ, ಅದು ಪರರ ಸೈನ್ಯವೇ ಸರಿ.

ಶ್ರೀರಂಗಪಟ್ಟಣದ ಪಾಠ

ಸ್ವಂತ ಸೈನ್ಯ ಕಟ್ಟುವ ಪ್ರಯತ್ನದಲ್ಲಿ ಮೈಸೂರು ಇಡೀ ಭಾರತಕ್ಕೆ ಮುಂದಾಗಿತ್ತು. ಹೈದರ್ ಅಲಿ ಓದು ಬರಹ ಕಲಿತವರಲ್ಲ. ಆದರೂ ಯುದ್ಧದ ಕಾಲ ಬದಲಾಗಿದೆ ಎಂಬುದನ್ನು ಓದಿದವರಿಗಿಂತ ಮೊದಲು ಅರಿತರು. ಪಾಳೆಯಗಾರರು ಯುದ್ಧದ ಕಾಲಕ್ಕೆ ಕಳುಹಿಸಿಕೊಡುತ್ತಿದ್ದ ದಂಡನ್ನು ನಂಬಿ ಕೂರದೆ, ಖಜಾನೆಯಿಂದ ಸಂಬಳ ಪಡೆಯುವ, ಕವಾಯತು ಕಲಿತ ಕಾಯಂ ಸೈನ್ಯವನ್ನು ಬೆಳೆಸಿದರು. ಫ್ರೆಂಚರಿಂದ ಕಲಿಯುವುದಕ್ಕೆ ಹಿಂಜರಿಯಲಿಲ್ಲ. ಟಿಪ್ಪು ಸುಲ್ತಾನರು ಆ ಕೆಲಸವನ್ನು ಮುಂದುವರಿಸಿದರು. ಸೈನ್ಯದ ನಿಯಮಗಳನ್ನು 'ಫತ್‌ಹುಲ್ ಮುಜಾಹಿದೀನ್' ಎಂಬ ಕೈಪಿಡಿಯಲ್ಲಿ ಬರೆಯಿಸಿದರು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಮೈಸೂರಿನ ರಾಕೆಟ್ಟುಗಳು 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಕಂಪೆನಿಯ ದಂಡಿನ ಮೇಲೆ ಎರಗಿದವು. ಮುಂದೆ ಅದೇ ರಾಕೆಟ್ಟುಗಳನ್ನು ಇಂಗ್ಲೆಂಡಿನ ವುಲ್‌ವಿಚ್‌ಗೆ ಒಯ್ದು ಪರೀಕ್ಷಿಸಲಾಯಿತು. ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು ತನ್ನ ರಾಕೆಟ್ಟುಗಳನ್ನು ರೂಪಿಸಿದ.

ಇದನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಹೇಳಬೇಕು. ಆದರೆ ಅಭಿಮಾನದ ಜೊತೆಗೆ ನ್ಯಾಯವೂ ಇರಬೇಡವೇ? ಅದೇ ಸೈನ್ಯದ ಹೆಸರು ಕೇಳಿದರೆ ಕೊಡಗಿನ ಮನೆಗಳಲ್ಲಿ ಇಂದಿಗೂ ಬೇರೆಯೇ ನೆನಪು ಏಳುತ್ತದೆ. ಕೊಡಗಿನಿಂದ ಮತ್ತು ಮಂಗಳೂರಿನ ಕ್ರೈಸ್ತರ ನಡುವಿನಿಂದ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಸಾಗಿಸಲ್ಪಟ್ಟದ್ದರ ಬಗ್ಗೆ ಇಲ್ಲ. ಇದಕ್ಕೆ ವಿರುದ್ಧವಾಗಿ, 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠದ ನೆರವಿಗೆ ನಿಂತವರು ಇದೇ ಟಿಪ್ಪು. ದಂಡಿನ ದೌರ್ಜನ್ಯಕ್ಕೆ ಜಾತಿಯೂ ಇಲ್ಲ, ಧರ್ಮವೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ನಮ್ಮ ನಾಯಕನ ಶೌರ್ಯವನ್ನು ಹೊಗಳಿ ಅವನ ದಂಡಿನಿಂದ ನೊಂದವರ ಮಾತು ಬಂದಾಗ ಕಿವಿ ಮುಚ್ಚಿಕೊಳ್ಳುವುದು ಸತ್ಯವಿಶ್ವಾಸಿಗೆ ಶೋಭಿಸುವ ಮಾತಲ್ಲ. ನಮ್ಮ ಬಂಧುಗಳ ವಿರುದ್ಧವಾದರೂ, ನಮ್ಮ ವಿರುದ್ಧವೇ ಆದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬ ಆಜ್ಞೆ ನಮಗಿದೆ.

ಆ ಸೈನ್ಯದ ಕೊರತೆ ಆಯುಧದಲ್ಲಿರಲಿಲ್ಲ. ಅದು ಒಬ್ಬ ದೊರೆಗೆ ಮಾತ್ರ ಉತ್ತರಿಸುತ್ತಿತ್ತು. ಆ ಕಾಲದ ಎಲ್ಲ ಸೈನ್ಯಗಳೂ ಹಾಗೆಯೇ ಇದ್ದವು. ದೊರೆಯ ಸುತ್ತಲಿದ್ದವರ ನಿಷ್ಠೆ ಸಡಿಲಿದಾಗ ಕೋಟೆಯ ಗೋಡೆಯೂ ಸಡಿಲಿತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. 1799ರ ಮೇ 4ರಂದು ಕೋಟೆಯೂ ಹೋಯಿತು, ಸುಲ್ತಾನರ ಪ್ರಾಣವೂ ಹೋಯಿತು. ಮೀರ್ ಸಾದಿಕನ ವಂಚನೆಯ ಕಥೆ ಜನರ ಬಾಯಲ್ಲಿ ಇಂದಿಗೂ ಉಳಿದಿದೆ.

ಹಣ ನಮ್ಮದು, ಸೈನ್ಯ ಅವರದು

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. 1799ರ ಜುಲೈ 8ರ ಒಪ್ಪಂದದಂತೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರನ್ನು ಕೊಟ್ಟರು. ರಾಜ್ಯದ ರಕ್ಷಣೆಗೆ ಕಂಪೆನಿಯ ಸೈನ್ಯ ಇಲ್ಲಿ ಬೀಡುಬಿಡುವುದೆಂದೂ, ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕೆಂದೂ ನಿರ್ಧಾರವಾಯಿತು. ರೈತ ಬೆವರು ಸುರಿಸಿ ಕಟ್ಟಿದ ಕಂದಾಯದಿಂದ ಆ ಹಣ ಹೋಗುತ್ತಿತ್ತು. ಆದರೆ ಆ ಸೈನ್ಯಕ್ಕೆ ಆಜ್ಞೆ ಬರುತ್ತಿದ್ದುದು ಬೇರೆ ಕಡೆಯಿಂದ. 1831ರಲ್ಲಿ ಕಂಪೆನಿಯು ಒಪ್ಪಂದದ ಮಾತನ್ನೇ ಮುಂದಿಟ್ಟು ಅರಸರ ಕೈಯಿಂದ ಆಡಳಿತವನ್ನು ಕಿತ್ತುಕೊಂಡಿತು. ಹಿಂದಕ್ಕೆ ಸಿಗಲು 1881ರವರೆಗೆ ಐವತ್ತು ವರ್ಷ ಕಾಯಬೇಕಾಯಿತು. ತನ್ನ ಕಾವಲಿಗೆಂದು ಹಣ ತೆತ್ತವನೇ ಕಾವಲುಗಾರನ ಮುಂದೆ ಕೈಕಟ್ಟಿ ನಿಂತ.

ಇಂದಿಗೂ ಎಷ್ಟೋ ಹೊಸ ದೇಶಗಳು ಇದೇ ಬಲೆಗೆ ಬೀಳುವುದನ್ನು ಕಾಣುತ್ತೇವೆ. ಆಯುಧ ಒಬ್ಬರದು, ತರಬೇತಿ ಇನ್ನೊಬ್ಬರದು, ಸಾಲ ಮತ್ತೊಬ್ಬರದು. ಹಗ್ಗದ ತುದಿ ಯಾರ ಕೈಯಲ್ಲಿದೆಯೋ ಹಸು ಅವರ ಹಿಂದೆ ನಡೆಯುತ್ತದೆ.

ಮೈಸೂರಿನ ಶೂರರು ಆ ಕಾಲದಲ್ಲೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಕುದುರೆ ಸವಾರರು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಫಿರಂಗಿ ಮತ್ತು ಮೆಷಿನ್‌ಗನ್‌ಗಳ ಎದುರಿಗೆ ಭರ್ಜಿ ಹಿಡಿದು ಕುದುರೆ ಓಡಿಸಿದವರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಅವರ ನೆನಪಿಗೆ ದೆಹಲಿಯಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಉಳಿದೆರಡು ಜೋಧಪುರ ಮತ್ತು ಹೈದರಾಬಾದಿನವು. ಆ ಜಾಗಕ್ಕೆ ತೀನ್ ಮೂರ್ತಿ ಎಂಬ ಹೆಸರೇ ನಿಂತಿತು. ಆದರೆ ಮೈಸೂರಿನ ರೈತನ ಮಗನಿಗೆ ಹೈಫಾದ ಮೇಲೆ ಯಾವ ದ್ವೇಷವಿತ್ತು? ಆ ಯುದ್ಧ ಬೇಕೇ ಬೇಡವೇ ಎಂದು ಮೈಸೂರಿನ ಒಬ್ಬ ಪ್ರಜೆಯನ್ನಾದರೂ ಯಾರಾದರೂ ಕೇಳಿದ್ದರೇ? ಶೌರ್ಯ ನಮ್ಮದಾಗಿತ್ತು, ನಿರ್ಧಾರ ನಮ್ಮದಾಗಿರಲಿಲ್ಲ.

1947ರ ಕೆಲಸ

ಇನ್ನು ಸ್ವಾತಂತ್ರ್ಯದ ಕಾಲಕ್ಕೆ ಬರೋಣ. ಹೊಸ ಭಾರತಕ್ಕೆ ಸಿಕ್ಕಿದ್ದು ಹೊಸ ಸೈನ್ಯವಲ್ಲ. ಬ್ರಿಟಿಷರು ಬೆಳೆಸಿದ ಸೈನ್ಯವನ್ನೇ ಸುಮಾರು ಮೂರರಲ್ಲಿ ಎರಡು ಪಾಲು ಭಾರತಕ್ಕೆ, ಒಂದು ಪಾಲು ಪಾಕಿಸ್ತಾನಕ್ಕೆ ಎಂದು ಹಂಚಲಾಯಿತು. ಒಂದೇ ಪಾತ್ರೆಯಲ್ಲಿ ಉಂಡವರು ಎರಡು ದೇಶಗಳಾದರು. ಭಾರತದ ಮೊದಲ ಇಬ್ಬರು ಭೂಸೇನಾ ಮುಖ್ಯಸ್ಥರೂ ಬ್ರಿಟಿಷರೇ. 1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರ್ಯಪ್ಪನವರು ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರಾದರು.

ಆ ದಿನಗಳಲ್ಲಿ ಆಳುವವರ ಮುಂದೆ ಕಠಿಣ ಪ್ರಶ್ನೆಗಳಿದ್ದವು. ಸುಭಾಸರ ಆಜಾದ್ ಹಿಂದ್ ಫೌಜಿನ ಸೈನಿಕರನ್ನು ಏನು ಮಾಡಬೇಕು? ಅವರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ವಿರುದ್ಧ ಹೋರಾಡಿದವರು. 1945ರಲ್ಲಿ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಸೆಹಗಲ್ ಮತ್ತು ಧಿಲ್ಲೋನ್ ಅವರ ವಿಚಾರಣೆ ನಡೆದಾಗ ದೇಶವೇ ಅವರ ಬೆನ್ನಿಗೆ ನಿಂತಿತ್ತು. ಆದರೂ ಸ್ವತಂತ್ರ ಭಾರತ ಅವರನ್ನು ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. ಪ್ರಮಾಣ ಮುರಿದವರನ್ನು ಸೇರಿಸಿಕೊಂಡರೆ ಶಿಸ್ತು ಒಡೆಯುತ್ತದೆ ಎಂಬುದು ವಾದ. ಪರದೇಶಿ ದೊರೆಗೆ ಮಾಡಿದ ಪ್ರಮಾಣವನ್ನು ಉಳಿಸಿಕೊಂಡವರಿಗೆ ಹುದ್ದೆ, ನಾಡಿಗಾಗಿ ಅದನ್ನು ಮುರಿದವರಿಗೆ ಮನೆಯ ದಾರಿ! ದಕ್ಷಿಣ ಆಫ್ರಿಕವು 1994ರಲ್ಲಿ ಬೇರೆ ದಾರಿ ಹಿಡಿಯಿತು. ವರ್ಣಭೇದದ ಸರಕಾರದ ಸೈನ್ಯವನ್ನೂ ಅದರ ವಿರುದ್ಧ ಹೋರಾಡಿದ ಗೆರಿಲ್ಲಾಗಳನ್ನೂ ಒಂದೇ ಸೈನ್ಯದಲ್ಲಿ ಬೆಸೆಯಿತು. ಶಿಸ್ತಿನ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಕೃತಜ್ಞತೆಯ ಒಂದು ಸಾಲ ಅಲ್ಲಿ ಉಳಿದುಹೋಯಿತೆಂದು ಹೇಳದಿರುವುದೂ ಸರಿಯಲ್ಲ.

ಸೇರಿಸಿಕೊಳ್ಳುವ ರೀತಿಯಲ್ಲೂ ತಿದ್ದುಪಡಿ ಬೇಕಿತ್ತು. ಇಂಥಿಂಥ ಜಾತಿಗಳು ಮಾತ್ರ 'ಯೋಧ ಕುಲ'ಗಳು, ಉಳಿದವರು ಅಲ್ಲ ಎಂಬುದು ಬ್ರಿಟಿಷರ ಸಿದ್ಧಾಂತ. ಕಾರ್ಯಪ್ಪನವರ ಕಾಲದಲ್ಲಿ, 1949ರಲ್ಲಿ, ಎಲ್ಲ ಪ್ರಾಂತ ಮತ್ತು ಜಾತಿಗಳವರೂ ಕೂಡಿರುವ ಗಾರ್ಡ್ಸ್ ದಳ ಹುಟ್ಟಿತು. ಮೈಸೂರು ಸಂಸ್ಥಾನದ ಸೈನ್ಯವೂ ಭಾರತೀಯ ಸೈನ್ಯದಲ್ಲಿ ಸೇರಿಹೋಯಿತು. ಕಾಲಾಳುಗಳ ದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಲ್ಯಾನ್ಸರ್ಸ್‌ನ ಸವಾರರು 1953ರಲ್ಲಿ ರೂಪುಗೊಂಡ 61ನೇ ಕ್ಯಾವಲ್ರಿಯಲ್ಲಿ ಬೆರೆತರು. ಸೈನಿಕನ ಹಿಂದೆ ದುಡಿಯುವ ಕೈಗಳೂ ನಾಡಿನವೇ ಆಗಬೇಕಲ್ಲವೇ? 1940ರಲ್ಲೇ ಮೈಸೂರು ಸರಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾಗಿತ್ತು. 1961ರಲ್ಲಿ ಮೈಸೂರಿನಲ್ಲಿ ಸೈನಿಕರ ಆಹಾರದ ಬಗ್ಗೆ ಸಂಶೋಧನೆ ನಡೆಸುವ ಪ್ರಯೋಗಾಲಯ ಬಂತು. ಹಿಮದ ಗಡಿಯಲ್ಲಿ ನಿಂತವನಿಗೆ ಕೆಡದ ಊಟ ಹೇಗೆ ಮುಟ್ಟಿಸಬೇಕೆಂದು ಚಿಂತಿಸುವುದೂ ಸೈನ್ಯ ಕಟ್ಟುವ ಕೆಲಸವೇ.

ನಂಬಿಕೆಯ ಪರೀಕ್ಷೆಯೂ ಆ ದಿನಗಳಲ್ಲೇ ನಡೆಯಿತು. ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್ ಬಲೂಚ್ ರೆಜಿಮೆಂಟಿನವರು. ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಉಸ್ಮಾನ್ ಭಾರತದಲ್ಲೇ ಉಳಿದರು. 1948ರ ಜುಲೈ 3ರಂದು ಕಾಶ್ಮೀರದ ಝಂಗರ್‌ನಲ್ಲಿ ಹುತಾತ್ಮರಾದರು. ದೆಹಲಿಯ ಜಾಮಿಯಾ ಮಿಲ್ಲಿಯಾದ ಬಳಿ ಅವರ ಸಮಾಧಿಯಿದೆ. ಮುಸ್ಲಿಮರ ನಿಷ್ಠೆಯ ಬಗ್ಗೆ ಬೀದಿಬೀದಿಯಲ್ಲಿ ಪ್ರಶ್ನೆ ಏಳುತ್ತಿದ್ದ ಕಾಲದಲ್ಲಿ ಅವರ ಕೈಗೆ ಒಂದು ಬ್ರಿಗೇಡನ್ನು ಒಪ್ಪಿಸಿದ್ದು ದೇಶದ ಅಮಾನತ್. ಪ್ರಾಣಕೊಟ್ಟು ಅದನ್ನು ಹಿಂದಿರುಗಿಸಿದ್ದು ಅವರ ಅಮಾನತ್.

ಗೆದ್ದವನನ್ನು ಇಳಿಸುವ ಧೈರ್ಯ

ಭಾರತ ಆ ಕಾಲದಲ್ಲಿ ಮಾಡಿದ ಒಂದು ಕೆಲಸ ಸಣ್ಣದಾಗಿ ಕಾಣಬಹುದು. ದೆಹಲಿಯಲ್ಲಿ ಆ ಮೂರು ಪ್ರತಿಮೆಗಳ ಎದುರಿಗಿದ್ದ ದೊಡ್ಡ ಭವನ ಬ್ರಿಟಿಷ್ ದಂಡನಾಯಕನ ನಿವಾಸವಾಗಿತ್ತು. 1948ರಲ್ಲಿ ಅದು ಪ್ರಧಾನಿಯ ಮನೆಯಾಯಿತು. ದಂಡನಾಯಕನು ಕೂರುತ್ತಿದ್ದ ಜಾಗದಲ್ಲಿ ಜನರಿಂದ ಅಧಿಕಾರ ಪಡೆದವರು ಕೂತರು. ಅದರ ಅರ್ಥ ಎಲ್ಲ ಸೈನಿಕರಿಗೂ ತಿಳಿಯಿತು.

ಈ ವಿಷಯದಲ್ಲಿ ಇಸ್ಲಾಮಿನ ಇತಿಹಾಸದ ಘಟನೆಯೊಂದು ನೆನಪಿಗೆ ಬರುತ್ತದೆ. ಖಾಲಿದ್ ಬಿನ್ ವಲೀದ್(ರ) ಸೋಲರಿಯದ ಸೇನಾನಿ. ಖಲೀಫಾ ಉಮರ್(ರ) ಅಧಿಕಾರ ವಹಿಸಿಕೊಂಡೊಡನೆ ಅವರನ್ನು ಸಿರಿಯಾದ ದಂಡನಾಯಕತ್ವದಿಂದ ಇಳಿಸಿ ಅಬೂ ಉಬೈದಾ(ರ)ರನ್ನು ನೇಮಿಸಿದರು. ಗೆಲುವು ಖಾಲಿದರಿಂದಲೇ ಬರುತ್ತದೆಂದು ಜನ ನಂಬತೊಡಗಿದ್ದು ಉಮರ್‌ರಿಗೆ ಅಪಾಯವಾಗಿ ಕಂಡಿತೆಂದು ಇತಿಹಾಸಕಾರರು ಹೇಳುತ್ತಾರೆ. ಖಾಲಿದ್(ರ) ಏನು ಮಾಡಿದರು? ಅವರ ಕೈಯಲ್ಲಿ ಕತ್ತಿಯಿತ್ತು, ಬೆನ್ನಿಗೆ ಅವರನ್ನು ಪ್ರೀತಿಸುವ ಸೈನಿಕರಿದ್ದರು. ಅವರು ತಲೆಬಾಗಿ ಹೊಸ ನಾಯಕನ ಕೆಳಗೆ ಸಾಮಾನ್ಯ ಯೋಧರಾಗಿ ಹೋರಾಡಿದರು.

ಒಂದೇ ಸೈನ್ಯದಿಂದ ಬೇರ್ಪಟ್ಟ ಎರಡು ದೇಶಗಳನ್ನು ಹೋಲಿಸಿ ನೋಡಿರಿ. ಪಾಕಿಸ್ತಾನದಲ್ಲಿ 1958ರ ಅಕ್ಟೋಬರಿನಲ್ಲಿ ಸೇನಾ ಮುಖ್ಯಸ್ಥ ಅಯೂಬ್ ಖಾನ್ ಆಡಳಿತವನ್ನೇ ವಶಪಡಿಸಿಕೊಂಡರು. ಆ ದೇಶ ಮುಂದೆಯೂ ಮತ್ತೆ ಮತ್ತೆ ಸೇನಾಡಳಿತವನ್ನು ಕಂಡಿತು. ಮುಸ್ಲಿಮರು ಆಳುವ ನಾಡಾಗಿದ್ದರೂ ಖಾಲಿದ್(ರ)ರ ಆ ಮಾದರಿ ಅಲ್ಲಿ ಉಳಿಯಲಿಲ್ಲ. ಕಾರ್ಯಪ್ಪನವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಅವರು ಅವಧಿ ಮುಗಿದೊಡನೆ ಹುದ್ದೆ ಬಿಟ್ಟರು, 1971ರಲ್ಲಿ ಜನರ ಮುಂದೆ ಓಟು ಕೇಳಲು ನಿಂತರು, ಸೋತು ಮನೆಗೆ ಮರಳಿದರು. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನದ ಸೆರೆಯಾದಾಗ, ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಬಿಡುಗಡೆಯ ಮಾತೆತ್ತಿದರೆಂದೂ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಎಂಬ ಉತ್ತರ ಹೋಯಿತೆಂದೂ ಹೇಳುತ್ತಾರೆ. ತನ್ನ ಮಗನಿಗೊಂದು, ಪರರ ಮಗನಿಗೊಂದು ನ್ಯಾಯ ಬೇಡವೆಂದ ಮಾತು ಅದು.

ಆದರೆ ಜನಪ್ರತಿನಿಧಿಗಳ ಅಧೀನತೆ ಎಂದರೆ ಸೈನಿಕನ ಸಲಹೆಗೆ ಕಿವುಡಾಗುವುದೂ ಅಲ್ಲ. ಕೊಡಗಿನವರೇ ಆದ ಜನರಲ್ ತಿಮ್ಮಯ್ಯ 1959ರಲ್ಲಿ ರಕ್ಷಣಾ ಮಂತ್ರಿಯೊಡನೆ ಭಿನ್ನಾಭಿಪ್ರಾಯ ಬಂದು ರಾಜೀನಾಮೆ ಕೊಟ್ಟರು, ಪ್ರಧಾನಿಯ ಒತ್ತಾಯಕ್ಕೆ ಹಿಂತೆಗೆದುಕೊಂಡರು. ಮೂರು ವರ್ಷಗಳ ನಂತರ ಚೀನಾದೊಡನೆ ನಡೆದ ಯುದ್ಧದಲ್ಲಿ ಸಿದ್ಧತೆಯಿಲ್ಲದ ಸೈನ್ಯ ಅದರ ಬೆಲೆ ತೆತ್ತಿತು.

ಕಲಬುರಗಿ ಮತ್ತು ಬೀದರಿನ ಗಾಯ

ಈಗ ಎಲ್ಲಕ್ಕಿಂತ ಕಷ್ಟದ ಮಾತಿಗೆ ಬರೋಣ. ಹೊಸ ದೇಶದ ಸೈನ್ಯದ ದೊಡ್ಡ ಪರೀಕ್ಷೆಗಳಲ್ಲಿ ಒಂದು ಕನ್ನಡದ ನೆಲದಲ್ಲೇ ನಡೆಯಿತು. ಹೈದರಾಬಾದಿನ ನಿಜಾಮರ ರಾಜ್ಯದಲ್ಲಿ ಕಲಬುರಗಿ, ಬೀದರ್, ರಾಯಚೂರು ಸೇರಿದ್ದವು. ಅಲ್ಲಿ ಖಾಸಿಂ ರಜ್ವಿಯ ನೇತೃತ್ವದಲ್ಲಿ ರಜಾಕಾರರೆಂಬ ಖಾಸಗಿ ಪಡೆ ಬೆಳೆಯಿತು. ಸಮುದಾಯದ ರಕ್ಷಣೆ ಅವರ ಘೋಷಣೆ. ಆದರೆ ಅವರ ಕೈಯಲ್ಲಿದ್ದ ಆಯುಧ ಯಾರಿಗೂ ಉತ್ತರಿಸುತ್ತಿರಲಿಲ್ಲ. 1948ರಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಅವರು ನಡೆಸಿದ ಕೊಲೆಗಳನ್ನು ಆ ಊರು ಮರೆತಿಲ್ಲ. ಮರೆಯಬೇಕೆಂದು ಹೇಳುವ ಹಕ್ಕೂ ನಮಗಿಲ್ಲ. ಆ ಪಡೆ ಧರ್ಮವನ್ನೂ ಕಾಯಲಿಲ್ಲ, ಸಮುದಾಯವನ್ನೂ ಕಾಯಲಿಲ್ಲ. ಅದು ಮಾಡಿದ ಪಾಪದ ಸಾಲವನ್ನು ಅದರೊಡನೆ ಯಾವ ಸಂಬಂಧವೂ ಇಲ್ಲದ ಬಡ ಮುಸ್ಲಿಮರು ತೀರಿಸಬೇಕಾಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. ಕೆಲವೇ ದಿನಗಳಲ್ಲಿ ನಿಜಾಮರು ಶರಣಾದರು. ಆಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಪ್ರತೀಕಾರ ಆರಂಭವಾಯಿತು. ಪ್ರಧಾನಿ ನೆಹರೂ ಅವರ ಅಪೇಕ್ಷೆಯಂತೆ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫ್ಫಾರ್ ಮುಂತಾದವರ ತಂಡ ಆ ಜಿಲ್ಲೆಗಳಲ್ಲಿ ಸುತ್ತಿ ವರದಿ ಬರೆಯಿತು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರ್ ಸೇರಿದ್ದವು. ಎಷ್ಟೋ ಕಡೆ ಸೈನ್ಯ ಜನರನ್ನು ರಕ್ಷಿಸಿತೆಂದು ವರದಿ ಹೇಳಿತು. ಕೆಲವು ಕಡೆ ಸೈನಿಕರೇ ಲೂಟಿಯಲ್ಲೂ ಕೊಲೆಯಲ್ಲೂ ಪಾಲುಗೊಂಡರೆಂದೂ ಹೇಳಿತು. ಎರಡನ್ನೂ ಬರೆದದ್ದರಿಂದಲೇ ಅದು ಪ್ರಾಮಾಣಿಕ ವರದಿ.

ಆ ವರದಿ ಪ್ರಕಟವಾಗಲಿಲ್ಲ. ದಶಕಗಳ ಕಾಲ ಕಪಾಟಿನಲ್ಲಿ ಉಳಿಯಿತು. ಕೊನೆಗೆ 2013ರ ಹೊತ್ತಿಗೆ ಜನರ ಓದಿಗೆ ಸಿಕ್ಕಿದ್ದು ದೆಹಲಿಯ ತೀನ್ ಮೂರ್ತಿ ಆವರಣದ ಗ್ರಂಥಾಲಯದಲ್ಲಿ. ಮೈಸೂರಿನ ಸವಾರನ ಪ್ರತಿಮೆ ನಿಂತಿರುವುದು ಅದೇ ಆವರಣದ ಎದುರಿಗೆ. ಅಷ್ಟರಲ್ಲಿ ಸಾಕ್ಷಿ ಹೇಳಬಲ್ಲವರು ಬಹುತೇಕ ತೀರಿಹೋಗಿದ್ದರು.

ಇದಕ್ಕೆದುರಾಗಿ ಇನ್ನೊಂದು ಘಟನೆಯನ್ನು ಇಟ್ಟು ನೋಡಿರಿ. ಮಕ್ಕಾ ವಿಜಯದ ನಂತರ ಪ್ರವಾದಿ ಮುಹಮ್ಮದ್(ಸ)ರು ಖಾಲಿದ್(ರ)ರನ್ನು ಬನೂ ಜದೀಮಾ ಗೋತ್ರದವರ ಬಳಿಗೆ ಕಳುಹಿಸಿದರು. ಅವರು ಶರಣಾದರೂ ಅವರ ಮಾತನ್ನು ಒಪ್ಪದೆ ಖಾಲಿದ್ ಸೆರೆಯಾಳುಗಳನ್ನು ಕೊಲ್ಲುವ ಆಜ್ಞೆ ಕೊಟ್ಟರು. ಅಬ್ದುಲ್ಲಾ ಬಿನ್ ಉಮರ್(ರ) ತನ್ನ ವಶದಲ್ಲಿದ್ದ ಸೆರೆಯಾಳನ್ನು ಕೊಲ್ಲುವುದಿಲ್ಲವೆಂದು ನಿರಾಕರಿಸಿದರು. ಸುದ್ದಿ ಪ್ರವಾದಿ(ಸ)ಯವರಿಗೆ ಮುಟ್ಟಿದಾಗ ಅವರು ಸೈನ್ಯದ ಗೌರವಕ್ಕೆ ಕುಂದೆಂದು ಅದನ್ನು ಮುಚ್ಚಿಡಲಿಲ್ಲ. ಎರಡೂ ಕೈಗಳನ್ನೆತ್ತಿ, ಖಾಲಿದ್ ಮಾಡಿದ್ದರಲ್ಲಿ ನನಗೆ ಪಾಲಿಲ್ಲವೆಂದು ಅಲ್ಲಾಹನ ಮುಂದೆ ಬಹಿರಂಗವಾಗಿ ನಿವೇದಿಸಿಕೊಂಡರು. ಅಲೀ(ರ)ಯವರ ಕೈಯಲ್ಲಿ ಹಣ ಕೊಟ್ಟು ಕಳುಹಿಸಿ ಪ್ರತಿಯೊಂದು ಜೀವಕ್ಕೂ ಪರಿಹಾರ ಕೊಡಿಸಿದರು. ಒಡೆದುಹೋದ ನಾಯಿಯ ಬಟ್ಟಲಿಗೂ ಬೆಲೆ ಕಟ್ಟಲಾಯಿತೆಂದು ವರದಿಯಾಗಿದೆ.

ಇಲ್ಲಿ ನಮಗೆ ಬೇಕಾದ ಎಲ್ಲವೂ ಇದೆ. ಅನ್ಯಾಯದ ಆಜ್ಞೆಯನ್ನು ನಿರಾಕರಿಸಿದ ಸೈನಿಕನಿದ್ದಾನೆ. ತನ್ನವರ ತಪ್ಪನ್ನು ತಪ್ಪೆಂದ ಅಧಿಕಾರವಿದೆ. ನೊಂದವರ ಮನೆಬಾಗಿಲಿಗೆ ಹೋದ ಪರಿಹಾರವಿದೆ. ಅಷ್ಟಾದರೂ ಆ ಸೈನ್ಯ ದುರ್ಬಲವಾಯಿತೇ? ಖಾಲಿದ್(ರ)ರ ದೊಡ್ಡ ಗೆಲುವುಗಳೆಲ್ಲ ಬಂದದ್ದು ಆಮೇಲೆಯೇ.

ಒಂದು ಆಕ್ಷೇಪ

ಕೆಲವರು ಕೇಳಬಹುದು: "ಹೀಗೆ ಪ್ರತಿಯೊಂದಕ್ಕೂ ಸೈನ್ಯವನ್ನು ಪ್ರಶ್ನಿಸಿದರೆ ಗಡಿಯಲ್ಲಿ ನಿಂತವನ ಸ್ಥೈರ್ಯ ಕುಗ್ಗುವುದಿಲ್ಲವೇ?" ಪ್ರಶ್ನೆ ನ್ಯಾಯವಾದದ್ದೇ. ಮನೆ ಮಠ ಬಿಟ್ಟು ಚಳಿಯಲ್ಲಿ ನಿಲ್ಲುವವನನ್ನು ಕುರ್ಚಿಯ ಮೇಲೆ ಕುಳಿತು ನಿಂದಿಸುವುದು ಸುಲಭ. ಆದರೆ ತನಿಖೆಯಿಂದ ಯಾರ ಗೌರವ ಹೋಗುತ್ತದೆ? ನೂರು ಸೈನಿಕರಲ್ಲಿ ಇಬ್ಬರು ತಪ್ಪು ಮಾಡಿ ಅದನ್ನು ಮುಚ್ಚಿಟ್ಟರೆ ಉಳಿದ 98 ಮಂದಿಯ ಮೇಲೂ ಸಂಶಯ ಬೀಳುತ್ತದೆ. ಇಬ್ಬರನ್ನು ಗುರುತಿಸಿದರೆ 98 ಮಂದಿಯ ಮಾನ ಉಳಿಯುತ್ತದೆ. ವಿಚಾರಣೆ ಇರುವುದು ಪ್ರಾಮಾಣಿಕ ಸೈನಿಕನ ರಕ್ಷಣೆಗಾಗಿ.

ಸೈನಿಕನ ದೂರನ್ನು ಆಲಿಸುವುದೂ ಅದೇ ಲೆಕ್ಕದ ಇನ್ನೊಂದು ಬದಿ. 2002ರಲ್ಲಿ ಸ್ವತಂತ್ರವಾದ ಪೂರ್ವ ತಿಮೋರ್ ತನ್ನ ಗೆರಿಲ್ಲಾ ಹೋರಾಟಗಾರರಿಂದಲೇ ಸೈನ್ಯ ಕಟ್ಟಿತು. ಪಶ್ಚಿಮ ಭಾಗದ ಸೈನಿಕರು ತಮಗೆ ತಾರತಮ್ಯವಾಗುತ್ತಿದೆ ಎಂದು ಮನವಿ ಕೊಟ್ಟರು. 2006ರಲ್ಲಿ ಸುಮಾರು 600 ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಜಗಳ ಬೀದಿಗಿಳಿಯಿತು, ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಶಾಂತಿಗಾಗಿ ವಿದೇಶಿ ಸೈನ್ಯವನ್ನೇ ಮತ್ತೆ ಕರೆಯಬೇಕಾಯಿತು. ಸ್ವಾತಂತ್ರ್ಯಕ್ಕಾಗಿ ಒಟ್ಟಿಗೆ ಹೋರಾಡಿದವರು ನಾಲ್ಕೇ ವರ್ಷಗಳಲ್ಲಿ ಪರಸ್ಪರ ಬಂದೂಕು ಹಿಡಿದರು.

ನಮ್ಮ ಪಾಲಿನ ಹೊಣೆ

ಓದುಗರೇ, ಸೈನ್ಯ ಕಟ್ಟುವುದು ಮಂತ್ರಿಗಳ ಮತ್ತು ಜನರಲ್‌ಗಳ ಕೆಲಸ, ನಮಗೇನು ಎಂದು ನೀವು ಕೇಳಬಹುದು. ನಮ್ಮ ಪಾಲು ಚಿಕ್ಕದಲ್ಲ.

ಮೊದಲನೆಯದಾಗಿ, ರಕ್ಷಣೆಯ ಹೆಸರಿನಲ್ಲಿ ಯಾರೇ ಖಾಸಗಿ ಪಡೆ ಕಟ್ಟಿದರೂ, ಅದರ ಬಾವುಟದ ಬಣ್ಣ ಯಾವುದೇ ಇರಲಿ, ನಾವು ಅದಕ್ಕೆ ಹಣವನ್ನಾಗಲಿ ಮಗನನ್ನಾಗಲಿ ಕೊಡಬಾರದು. ರಜಾಕಾರರ ಪಾಠ ಅದು. ಎರಡನೆಯದಾಗಿ, ಅರ್ಹತೆಯಿರುವ ನಮ್ಮ ಮಕ್ಕಳು ದೇಶದ ಸೇವೆಯ ಬಾಗಿಲನ್ನು ತಟ್ಟಬೇಕು. "ನಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ?" ಎಂಬ ಅನುಮಾನದಲ್ಲಿ ಮನೆಯಲ್ಲೇ ಕುಳಿತವನು ಬಾಗಿಲು ಮುಚ್ಚಿದೆಯೇ ತೆರೆದಿದೆಯೇ ಎಂದು ಹೇಳಲಾರ. ಬಾಗಿಲು ಕಾಯುವವರೂ ಉಸ್ಮಾನರನ್ನು ನೆನಪಿಟ್ಟುಕೊಳ್ಳಬೇಕು. ಮೂರನೆಯದಾಗಿ, ಅನ್ಯಾಯ ನಡೆದಾಗ ನೊಂದವರು ಯಾರು ಎಂದು ಕೇಳಿ ಆಮೇಲೆ ಬಾಯಿ ತೆರೆಯುವ ಅಭ್ಯಾಸವನ್ನು ಬಿಡಬೇಕು. ಗೋರಟಾದ ಸತ್ತವರಿಗಾಗಿ ಮರುಗದವನಿಗೆ ಕಲಬುರಗಿಯ ಸತ್ತವರ ಬಗ್ಗೆ ಮಾತನಾಡುವ ನೈತಿಕ ಹಕ್ಕಿಲ್ಲ. ಕಲಬುರಗಿಯ ಬಗ್ಗೆ ಮೌನವಾಗಿರುವವನಿಗೆ ಗೋರಟಾದ ಬಗ್ಗೆ ಗರ್ಜಿಸುವ ಹಕ್ಕೂ ಇಲ್ಲ.

ಮೈಸೂರಿನ ಜನ 1947ರ ಆ ಸೆಪ್ಟೆಂಬರಿನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಗುಂಡು ಹಾರಿತೆಂದು ಅವರು ಹೆದರಿ ಮನೆ ಸೇರಲಿಲ್ಲ, ಪ್ರತಿಯಾಗಿ ಬಂದೂಕನ್ನೂ ಎತ್ತಿಕೊಳ್ಳಲಿಲ್ಲ. ಚಳವಳಿ ಮುಂದುವರಿಯಿತು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರ ಜನಪ್ರತಿನಿಧಿ ಸರಕಾರ ಬಂತು. ಸತ್ತ ಹುಡುಗನ ಹೆಸರನ್ನು ಜನ ಒಂದು ವೃತ್ತಕ್ಕೆ ಇಟ್ಟರು. ಆಯುಧ ಹಿಡಿದವರ ತಪ್ಪನ್ನು ಮುಚ್ಚಿಡದೆ ದಾರಿಯ ನಡುವೆಯೇ ಬರೆದಿಟ್ಟಂತಾಯಿತು.

ಮುಂದಿನ ಸಲ ಆ ವೃತ್ತವನ್ನು ದಾಟುವಾಗ ನಿಮ್ಮ ಜೊತೆ ಮಗುವಿದ್ದರೆ ಆ ಹೆಸರು ಯಾರದೆಂದು ಹೇಳಿರಿ. ನಮ್ಮ ಕೈಗೆ ಒಪ್ಪಿಸಲ್ಪಟ್ಟ ಪ್ರತಿಯೊಂದರ ಬಗ್ಗೆಯೂ ನಾಳೆ ನಮ್ಮನ್ನು ಕೇಳಲಾಗುವುದು. ಆಯುಧ ಹಿಡಿದವನನ್ನು ಅದನ್ನು ಹೇಗೆ ಬಳಸಿದೆ ಎಂದು ಕೇಳಲಾಗುವುದು. ಅವನ ಕೈಗೆ ಅದನ್ನು ಕೊಟ್ಟ ನಮ್ಮನ್ನು, ಲೆಕ್ಕ ಕೇಳಿದಿರಾ ಎಂದು ಕೇಳಲಾಗುವುದು. ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿದೆಯೇ?